ನೀರಿನಡಿಯ ಊರು, ನಕಾಶೆಯೊಳಗಿನ ನೆನಪು

ಶರಣರ ವಚನಗಳನ್ನು ಶ್ರದ್ಧೆಯಿಂದ ಓದುವವರಿಗೆ ಒಂದು ಸಂಗತಿ ಮೇಲಿಂದ ಮೇಲೆ ಗೋಚರವಾಗುತ್ತದೆ. ಅನೇಕ ಶರಣರ ಅಂಕಿತವು ಒಂದು ನೆಲದ ಹೆಸರನ್ನು ತನ್ನೊಳಗೆ ಹುದುಗಿಸಿಕೊಂಡಿದೆ. ಬಸವಣ್ಣನವರ ಅಂಕಿತದಲ್ಲಿ ಕೃಷ್ಣೆ ಮತ್ತು ಮಲಪ್ರಭೆಯರು ಕೂಡುವ ಸಂಗಮಕ್ಷೇತ್ರವಿದೆ. ಅಕ್ಕಮಹಾದೇವಿಯವರ ಅಂಕಿತವು ಶ್ರೀಶೈಲದ ಕಡೆಗೆ ಮುಖಮಾಡಿ ನಿಂತಿದೆ. ಸಿದ್ಧರಾಮೇಶ್ವರರ ಅಂಕಿತವನ್ನು ಉಚ್ಚರಿಸಿದೊಡನೆ ಸೊನ್ನಲಿಗೆಯ ಗುಡಿ, ಕೆರೆಗಳು ಕಣ್ಣ ಮುಂದೆ ಬರುತ್ತವೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸಿದ ಶರಣರು ಸ್ಥಾವರಕ್ಕೆ ಅಂಟಿಕೊಂಡವರಲ್ಲ. ಆದರೂ ತಾವು ಬೆಳೆದ ನೆಲದ ಹೆಸರನ್ನು ಅವರು ಮರೆಯಲಿಲ್ಲ. ನೆಲಕ್ಕೆ ಅಂಟಿಕೊಳ್ಳುವುದು ಬೇರೆ, ನೆಲದ ಋಣವನ್ನು ನೆನೆಯುವುದು ಬೇರೆ ಎಂಬ ವಿವೇಕ ಅವರಲ್ಲಿತ್ತು.

ಈ ವಿವೇಕವು ಇಂದು ಕೃಷ್ಣಾತೀರದ ಭಕ್ತರಿಗೆ ಹೊಸ ಅರ್ಥದಲ್ಲಿ ಬೇಕಾಗಿದೆ. ಬಾಗಲಕೋಟೆಯ ನವನಗರದಲ್ಲಾಗಲಿ, ಕೊಲ್ಹಾರದ ಹೊಸ ಬಡಾವಣೆಯಲ್ಲಾಗಲಿ, ಪುನರ್ವಸತಿ ಕೇಂದ್ರಗಳಲ್ಲಾಗಲಿ ಬೆಳೆಯುತ್ತಿರುವ ಮಗುವೊಂದು “ಅಜ್ಜಾ, ನಮ್ಮ ಮೊದಲಿನ ಊರು ಎಲ್ಲಿತ್ತು?” ಎಂದು ಕೇಳಿದರೆ ಅಜ್ಜನು ಕೈಯೆತ್ತಿ ತೋರಿಸುವುದು ನೀರನ್ನು. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಕೆಳಗಿನ ನಾರಾಯಣಪುರದ ಬಸವಸಾಗರವು 1982ರಲ್ಲಿ ಪೂರ್ಣಗೊಂಡಿತು. ಬಯಲುಸೀಮೆಯ ಒಣಭೂಮಿಗೆ ನೀರು ಹರಿಯಿತು. ಅದು ದೊಡ್ಡ ಉಪಕಾರ. ಆ ಉಪಕಾರಕ್ಕಾಗಿ ತಮ್ಮ ಊರನ್ನೇ ಕೊಟ್ಟವರ ನೆನಪನ್ನು ಉಳಿಸಿಕೊಳ್ಳುವುದು ಉಳಿದವರ ಕರ್ತವ್ಯ. ಈ ಕಾರ್ಯದಲ್ಲಿ ಬಹಳ ಜನರು ಗಮನಿಸದ ಒಂದು ಸಾಧನವಿದೆ. ಅದು ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಟೊಪೊಶೀಟ್, ಅಂದರೆ ಬೆಟ್ಟ, ಹಳ್ಳ, ಊರು, ದಾರಿ, ಬಾವಿ, ಗುಡಿಗಳನ್ನೆಲ್ಲ ಅಳತೆಯಿಂದ ಗುರುತಿಸಿದ ನಕಾಶೆ.

ನಕಾಶೆಗಳು ಬಂದ ದಾರಿ

ಈ ನಕಾಶೆಗಳ ಚರಿತ್ರೆಯು ಕನ್ನಡ ನೆಲದಿಂದಲೇ ಬಹುಪಾಲು ಆರಂಭವಾಗುತ್ತದೆ. ಸರ್ವೇಕ್ಷಣ ಇಲಾಖೆಯು 1767ರಲ್ಲಿ ಸ್ಥಾಪಿತವಾದರೂ ದಕ್ಷಿಣದಲ್ಲಿ ಕ್ರಮಬದ್ಧವಾದ ಅಳತೆ ನಡೆದುದು 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ನಂತರ. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು 1800ರಲ್ಲಿ ಬೆಂಗಳೂರಿನ ಸಮೀಪ ಒಂದು ಆಧಾರರೇಖೆಯನ್ನು ಅಳೆದನು. ಮಹಾ ತ್ರಿಕೋನಮಿತಿ ಸರ್ವೇಕ್ಷಣದ ಆರಂಭವೆಂದು ಪರಿಗಣಿಸಲಾಗುವ ಅಳತೆಯು 1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನಡೆಯಿತು. ಆ ತ್ರಿಕೋನಗಳ ಸರಪಳಿಯು ಉತ್ತರಕ್ಕೆ ಸಾಗಿ 1815ರ ವೇಳೆಗೆ ಬೀದರದ ಸಮೀಪಕ್ಕೆ ತಲುಪಿತ್ತು. ಅರ್ಧ ಟನ್ನಿನಷ್ಟು ತೂಕದ ಥಿಯೊಡೊಲೈಟ್ ಯಂತ್ರವನ್ನು ಬೆಟ್ಟದ ನೆತ್ತಿಗೆ, ಗುಡಿಯ ಗೋಪುರಕ್ಕೆ ಏರಿಸಿ ಕೋನಗಳನ್ನು ಅಳೆಯುತ್ತಿದ್ದರು. ಆ ಭಾರವನ್ನು ಹೊತ್ತವರು ಇಲ್ಲಿಯ ಕೂಲಿಕಾರರು. ಅವರ ಹೆಸರು ಯಾವ ನಕಾಶೆಯಲ್ಲಿಯೂ ಇಲ್ಲ. ಕಾಯಕವನ್ನು ಪೂಜ್ಯವೆಂದು ಬಗೆದ ಪರಂಪರೆಯವರು ಈ ಮಾತನ್ನು ಮರೆಯಬಾರದು.

ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಎಂಬ ಇನ್ನೊಬ್ಬ ಅಧಿಕಾರಿಯು ಮೈಸೂರು ಸೀಮೆಯ ಸರ್ವೇಕ್ಷಣವನ್ನು ಕೈಗೊಂಡನು. ನೆಲದ ಅಳತೆಯಷ್ಟೇ ಅವನಿಗೆ ಸಾಕೆನಿಸಲಿಲ್ಲ. ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀಯ ವಿದ್ವಾಂಸರ ನೆರವಿನಿಂದ ಊರೂರಿನ ಶಾಸನಗಳನ್ನು ನಕಲು ಮಾಡಿಸಿದನು. ಊರ ಹಿರಿಯರನ್ನು ಕೇಳಿ ಊರು ಹುಟ್ಟಿದ ಬಗೆ, ಗುಡಿ-ಮಠಗಳ ಇತಿಹಾಸ, ಪಾಳೆಯಗಾರರ ವಂಶಾವಳಿಗಳನ್ನು ಬರೆಯಿಸಿದನು. ಇವೇ ಕೈಫಿಯತ್ತುಗಳು. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದೆ. ಮೆಕೆಂಜಿಯು 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ನಕಾಶೆ ಮತ್ತು ಕೈಫಿಯತ್ತು, ಎಂದರೆ ನೆಲದ ಅಳತೆ ಮತ್ತು ಜನರ ಮಾತು, ಎರಡೂ ಜೊತೆಯಾಗಿ ಸಾಗಬೇಕೆಂಬ ಪಾಠವು ಇಲ್ಲಿಯೇ ದೊರೆಯುತ್ತದೆ. ಮನೆತನದ ಚರಿತ್ರೆಯನ್ನು ಅರಸುವವರಿಗೂ ಇದೇ ಮೇಲ್ಪಂಕ್ತಿ.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಿಜಾಪುರ-ಬಾಗಲಕೋಟೆ ಭಾಗದಲ್ಲಿ ಇನ್ನೊಂದು ಬಗೆಯ ಅಳತೆಯೂ ನಡೆಯಿತು. 1830ರ ದಶಕದಲ್ಲಿ ಪುಣೆಯ ಕಡೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು ಆರಂಭಿಸಿದ ಕಂದಾಯ ಮೋಜಣಿಯು ಮುಂದೆ ಕನ್ನಡ ಜಿಲ್ಲೆಗಳಿಗೂ ಹಬ್ಬಿತು. ಹೊಲಗಳಿಗೆ ಸರ್ವೆ ನಂಬರುಗಳು ಬಂದವು. ಪ್ರತಿ ಊರಿಗೂ ಗ್ರಾಮ ನಕಾಶೆ ಸಿದ್ಧವಾಯಿತು. ಟೊಪೊಶೀಟ್ ಬೇರೆ, ಗ್ರಾಮ ನಕಾಶೆ ಬೇರೆ. ಮೊದಲನೆಯದು ಸೀಮೆಯ ಒಟ್ಟು ರೂಪವನ್ನು ತೋರಿಸುತ್ತದೆ, ಎರಡನೆಯದು ಹೊಲದ ಬದುವನ್ನು ತೋರಿಸುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಊರು ಪೂರ್ಣವಾಗಿ ಕಾಣುತ್ತದೆ.

ಹಾಳೆಯನ್ನು ಗುರುತಿಸುವ ಕ್ರಮ

1905ರ ನಂತರ ಇಡೀ ದೇಶಕ್ಕೆ ಒಂದೇ ಕ್ರಮದ ಬಣ್ಣದ ನಕಾಶೆಗಳನ್ನು ಸಿದ್ಧಪಡಿಸುವ ಕಾರ್ಯ ನಡೆಯಿತು. ಅಕ್ಷಾಂಶ-ರೇಖಾಂಶಗಳಲ್ಲಿ 4 ಡಿಗ್ರಿ ಉದ್ದಗಲದ ಒಂದೊಂದು ಭಾಗಕ್ಕೂ ಒಂದು ಸಂಖ್ಯೆ. ಅದನ್ನು ಇಂಗ್ಲಿಷಿನ ಎ ಯಿಂದ ಪಿ ವರೆಗೆ 16 ಭಾಗ ಮಾಡಿ, ಆ ಪ್ರತಿಯೊಂದನ್ನೂ ಮತ್ತೆ 1ರಿಂದ 16ರವರೆಗೆ ವಿಂಗಡಿಸಿದರು. ಅಕ್ಷರಗಳೂ ಅಂಕಿಗಳೂ ಮೇಲಿನ ಎಡಮೂಲೆಯಿಂದ ಆರಂಭವಾಗಿ ಕೆಳಗಿಳಿಯುತ್ತವೆ. ನಾಲ್ಕು ಮುಗಿದ ಮೇಲೆ ಬಲಗಡೆಯ ಮುಂದಿನ ಸಾಲಿನ ತುದಿಗೆ ಹೋಗುತ್ತವೆ. ಹೀಗೆ ದೊರೆಯುವ ಕೊನೆಯ ಹಾಳೆಯು 15 ಕಲೆಗಳಷ್ಟು, ಅಂದರೆ ಸುಮಾರು 27 ಕಿಲೊಮೀಟರ್ ಉದ್ದಗಲದ ನೆಲವನ್ನು ತೋರಿಸುತ್ತದೆ. ಹಳೆಯ ಹಾಳೆಗಳಲ್ಲಿ ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣವಿತ್ತು. ದಶಮಾನ ಪದ್ಧತಿಯು ಬಂದ ಮೇಲೆ 1:50,000ದ ಪ್ರಮಾಣ, ಅಂದರೆ ಒಂದು ಕಿಲೊಮೀಟರಿಗೆ 2 ಸೆಂಟಿಮೀಟರ್, ರೂಢಿಗೆ ಬಂದಿತು.

ಈ ಲೆಕ್ಕದಂತೆ ಬಸವಣ್ಣನವರ ಜೀವನಕ್ಷೇತ್ರಗಳನ್ನು ಹುಡುಕಿದರೆ ಬಸವನಬಾಗೇವಾಡಿಯು 47 ಪಿ/14ರಲ್ಲಿ, ಕೂಡಲಸಂಗಮವು 56 ಡಿ/4ರಲ್ಲಿ, ಬಸವಕಲ್ಯಾಣವು 56 ಸಿ/13ರಲ್ಲಿ ದೊರೆಯುತ್ತವೆ. ಬಾಗಲಕೋಟೆಯ ಹಳೆಯ ಪಟ್ಟಣ 47 ಪಿ/12ರಲ್ಲಿದೆ; ಆಲಮಟ್ಟಿ 47 ಪಿ/15ರಲ್ಲಿದೆ. ಊರಿನ ಅಕ್ಷಾಂಶ-ರೇಖಾಂಶ ತಿಳಿದ ಯಾರಾದರೂ ಹೀಗೆ ತಮ್ಮ ಊರಿನ ಹಾಳೆಯ ಸಂಖ್ಯೆಯನ್ನು ತಾವೇ ಕಂಡುಕೊಳ್ಳಬಹುದು. 2005ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಬಂದ ಸಾರ್ವಜನಿಕ ಹಾಳೆಗಳಿಗೆ ಬೇರೆ ಸಂಖ್ಯಾಕ್ರಮವಿದೆ. ಆದ್ದರಿಂದ ಹಳೆಯ ಮತ್ತು ಹೊಸ ಸಂಖ್ಯೆಗಳೆರಡನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದ ಸೇನೆಯ ನಕಾಶೆ ವಿಭಾಗವು 1950ರ ದಶಕದಲ್ಲಿ ಮುದ್ರಿಸಿದ 1:250,000 ಪ್ರಮಾಣದ ಭಾರತದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯವು ಅಂತರಜಾಲದಲ್ಲಿ ಉಚಿತವಾಗಿ ಇರಿಸಿದೆ. ಅವುಗಳಲ್ಲಿ ವಿವರ ಕಡಿಮೆ. ಆದರೂ ಅಣೆಕಟ್ಟುಗಳಿಗೆ ಮೊದಲಿನ ಕೃಷ್ಣೆಯ ಹರಿವು ಅಲ್ಲಿ ಕಾಣುತ್ತದೆ.

ಹಾಳೆಯು ಕೈಗೆ ಬಂದಾಗ ಮೊದಲು ಅಂಚಿನ ಬರಹವನ್ನು ಓದಬೇಕು. ನೆಲವನ್ನು ಅಳೆದ ವರ್ಷ ಬೇರೆ, ಹಾಳೆ ಮುದ್ರಣವಾದ ವರ್ಷ ಬೇರೆ. ಇವುಗಳ ನಡುವೆ ಕೆಲವೊಮ್ಮೆ ಹಲವು ವರ್ಷಗಳ ಅಂತರವಿರುತ್ತದೆ. ಅಳೆದ ವರ್ಷವೇ ಚರಿತ್ರೆಗೆ ಪ್ರಮಾಣ. ಅನಂತರ ಬಣ್ಣಗಳ ಭಾಷೆಯನ್ನು ಕಲಿಯಬೇಕು. ಕೆಂಪು ಬಣ್ಣ ವಸತಿ ಮತ್ತು ರಸ್ತೆಗಳಿಗೆ, ನೀಲಿ ನೀರಿಗೆ, ಹಸಿರು ಕಾಡು-ತೋಪುಗಳಿಗೆ, ಹಳದಿ ಸಾಗುವಳಿಯ ನೆಲಕ್ಕೆ, ಕಂದು ಎತ್ತರವನ್ನು ಸೂಚಿಸುವ ಸಮೋನ್ನತ ರೇಖೆಗಳಿಗೆ. ಬೇಸಿಗೆಯಲ್ಲಿ ಬತ್ತುವ ಹಳ್ಳಗಳನ್ನು ಕಪ್ಪು ಗೆರೆಯಿಂದ ತೋರಿಸುತ್ತಾರೆ. ಗುಡಿ, ಮಸೀದಿ, ಗೋರಿ, ಕೋಟೆ, ಕಟ್ಟಿದ ಬಾವಿ, ಅಂಚೆಮನೆ, ಪ್ರವಾಸಿ ಬಂಗಲೆಗಳಿಗೆ ಪ್ರತ್ಯೇಕ ಚಿಹ್ನೆಗಳಿವೆ. ಜನರು ಬಿಟ್ಟುಹೋದ ಹಾಳೂರುಗಳನ್ನೂ ಅಲ್ಲಲ್ಲಿ ಗುರುತಿಸಿದ್ದಾರೆ. ಕಂದಾಯದ ಕಾಗದದಲ್ಲಿ ಇವನ್ನೇ ಬೇಚರಾಕ್ ಗ್ರಾಮಗಳೆನ್ನುತ್ತಾರೆ.

ನೀರಿನ ಅಂಚನ್ನು ತೋರುವ ಗೆರೆ

ಮುಳುಗಡೆಯ ಊರಿನವರಿಗೆ ಈ ನಕಾಶೆಯಲ್ಲಿ ಅತ್ಯಂತ ಮುಖ್ಯವಾದುದು ಕಂದು ಗೆರೆ. ಒಂದು ಗೆರೆಯುದ್ದಕ್ಕೂ ಇರುವ ನೆಲವೆಲ್ಲ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುತ್ತದೆ. ನಿಂತ ನೀರಿನ ಅಂಚೂ ಹಾಗೆಯೇ. ಆದ್ದರಿಂದ ಜಲಾಶಯದ ಪೂರ್ಣಮಟ್ಟವು ತಿಳಿದಿದ್ದರೆ, ಅಣೆಕಟ್ಟಿನ ಕಲ್ಪನೆಯೇ ಇರದಿದ್ದ ಕಾಲದ ಹಾಳೆಯ ಮೇಲೆಯೂ ಇಂದಿನ ನೀರಿನ ದಂಡೆಯನ್ನು ಬಹುಮಟ್ಟಿಗೆ ಗುರುತಿಸಬಹುದು.

ಆಲಮಟ್ಟಿಗೆ 2000ದಲ್ಲಿ ಸುಪ್ರೀಂ ಕೋರ್ಟು ಅನುಮತಿಸಿದ ಮಟ್ಟ 519.60 ಮೀಟರ್, ಅಡಿಗಳಲ್ಲಿ ಸುಮಾರು 1,705. ಹಳೆಯ ಅಂಗುಲದ ಹಾಳೆಗಳಲ್ಲಿ ಸಾಮಾನ್ಯವಾಗಿ 50 ಅಡಿಗೊಂದು ಗೆರೆಯಿರುತ್ತದೆ. ಅಲ್ಲಿ 1,700 ಅಡಿಯ ಗೆರೆಯನ್ನು ನೀಲಿ ಪೆನ್ಸಿಲಿನಿಂದ ತಿದ್ದುತ್ತ ಹೋದರೆ ಜಲಾಶಯದ ಆಕಾರವೇ ಮೂಡುತ್ತದೆ. 20 ಮೀಟರಿಗೊಂದು ಗೆರೆಯಿರುವ ಹಾಳೆಯಾದರೆ 520 ಮೀಟರಿನ ಗೆರೆಯು ಇನ್ನೂ ಹತ್ತಿರದ ಉತ್ತರವನ್ನು ಕೊಡುತ್ತದೆ. ಆ ಗೆರೆಯೊಳಗೆ ಬಿದ್ದ ಕೆಂಪು ಚುಕ್ಕೆಗಳೆಲ್ಲ ಮನೆಗಳು. ಸಣ್ಣ ಚಿಹ್ನೆಗಳೆಲ್ಲ ಗುಡಿಗಳು, ಬಾವಿಗಳು. ಘಟಪ್ರಭೆಯು ಕೃಷ್ಣೆಯನ್ನು ಸೇರುವ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದ ಸುತ್ತಲಿನ ನೆಲವನ್ನು ಈ ಬಗೆಯಲ್ಲಿ ನೋಡಿದರೆ, ಇಂದು ಸಮುದ್ರದಂತೆ ತೋರುವ ನೀರಿನ ಕೆಳಗೆ ಎಷ್ಟು ಕಾಲುದಾರಿಗಳು ಒಂದೂರಿನಿಂದ ಇನ್ನೊಂದೂರಿಗೆ ಹೆಣೆದುಕೊಂಡಿದ್ದವು ಎಂಬುದು ತಿಳಿಯುತ್ತದೆ. ಬೀಗರು, ಜಾತ್ರೆಯ ತೇರು, ಸಂತೆಯ ಚಕ್ಕಡಿ, ಮಠಕ್ಕೆ ಹೊರಟ ಭಕ್ತರು ಸಾಗಿದ ದಾರಿಗಳು ಅವು.

ಕೂಡಲಸಂಗಮದ ಕಥೆಯೂ ಇದೇ. ನಾರಾಯಣಪುರ ಜಲಾಶಯದ ಪೂರ್ಣಮಟ್ಟ 492.25 ಮೀಟರ್, ಅಂದರೆ 1,615 ಅಡಿ. ಅದರ ಹಿನ್ನೀರು ಸಂಗಮದವರೆಗೆ ಹಬ್ಬಿದ್ದರಿಂದಲೇ ಬಸವಣ್ಣನವರ ಐಕ್ಯಸ್ಥಳದ ಸುತ್ತಲೂ ಎತ್ತರದ ರಕ್ಷಣಾ ಗೋಡೆಯನ್ನು ಕಟ್ಟಬೇಕಾಯಿತು. ಇಂದು ಭಕ್ತರು ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಸುತ್ತಲೂ ನೀರನ್ನೇ ಕಂಡವರಿಗೆ ಐಕ್ಯಸ್ಥಳವು ಮೊದಲಿನಿಂದಲೂ ಬಾವಿಯೊಳಗೇ ಇತ್ತೆಂಬ ಭಾವನೆ ಬರುವುದು ಸಹಜ. ಅಣೆಕಟ್ಟಿಗೆ ಮುಂಚಿನ ಹಾಳೆಯನ್ನು ಬಿಡಿಸಿದರೆ ಅದು ತೆರೆದ ನದೀದಂಡೆಯಾಗಿತ್ತೆಂಬ ಸತ್ಯವು ಕಣ್ಣಿಗೆ ಕಾಣುತ್ತದೆ.

ಈ ಲೆಕ್ಕಕ್ಕೆ ಇನ್ನೊಂದು ಗಂಭೀರವಾದ ಮುಖವಿದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರ ಡಿಸೆಂಬರಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ, ಅಂದರೆ 1,720 ಅಡಿಗೆ ಏರಿಸಲು ಸಮ್ಮತಿಸಿತು. 1,705 ಮತ್ತು 1,720 ಅಡಿಗಳ ನಡುವಣ ನೆಲದಲ್ಲಿ ಊರುಗಳಿವೆ, ಗದ್ದುಗೆಗಳಿವೆ, ಹಿರಿಯರ ಸಮಾಧಿಗಳಿವೆ. ಮುಳುಗಿದ ಮೇಲೆ ನೆನಪಿನಿಂದ ಚರಿತ್ರೆಯನ್ನು ಕಟ್ಟುವುದು ಕಷ್ಟ. ಊರು ನಿಂತಿರುವಾಗಲೇ ಬರೆದಿಡುವುದು ಸುಲಭ. ಹಿಂದಿನ ಮುಳುಗಡೆಯ ಕಾಲದಲ್ಲಿ ಅನೇಕ ಊರುಗಳಿಗೆ ಈ ಅವಕಾಶವು ತಪ್ಪಿತು. ಪರಿಹಾರದ ಕಾಗದಗಳನ್ನು ಹೊಂದಿಸುವುದರಲ್ಲಿಯೇ ಜನರ ಶಕ್ತಿಯೆಲ್ಲ ಕರಗಿಹೋಯಿತು.

ಮನೆತನದ ಹೆಸರು, ಮನೆದೇವರು, ಹೆಳವರ ನುಡಿ

ನಕಾಶೆಯಿಂದ ಊರಿನ ಚರಿತ್ರೆ ಮಾತ್ರವಲ್ಲದೆ ಮನೆತನದ ಚರಿತ್ರೆಯೂ ಬೆಳಕಿಗೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಬಾಗೇವಾಡಿ, ಹುನಗುಂದ, ಬೀಳಗಿ, ನರಗುಂದ ಎಂದು ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಮನೆತನಗಳು ಅಸಂಖ್ಯ. ಒಂದು ಮನೆತನವು ತನ್ನ ಊರಿನಲ್ಲಿಯೇ ಇರುವವರೆಗೆ ಆ ಊರಿನ ಹೆಸರಿನಿಂದ ಅದನ್ನು ಯಾರೂ ಕರೆಯುವುದಿಲ್ಲ. ಊರನ್ನು ಬಿಟ್ಟು ಬೇರೆಡೆಗೆ ಬಂದಾಗಲೇ “ಬಾಗೇವಾಡಿಯವರು” ಎಂಬ ಹೆಸರು ನಿಲ್ಲುತ್ತದೆ. ಹೀಗೆ ಅಡ್ಡಹೆಸರು ಎಂಬುದು ಒಂದು ವಲಸೆಯ ದಾಖಲೆ. ಜಂಗಮ ಮನೆತನಗಳ ಹಿರೇಮಠ, ಸಾಲಿಮಠ ಮೊದಲಾದ ಹೆಸರುಗಳೂ ಯಾವುದೋ ಊರಿನ ಒಂದು ಮಠದ ಕಡೆಗೆ ಬೆರಳು ತೋರುತ್ತವೆ.

ಎರಡನೆಯ ಸುಳಿವು ಮನೆದೇವರು. ನೂರಾರು ಮೈಲಿ ದೂರದಲ್ಲಿ ನೆಲೆಸಿದ ಮನೆತನವೊಂದು ವರ್ಷಕ್ಕೊಮ್ಮೆ ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರನಿಗೆ ನಡೆದುಕೊಳ್ಳುತ್ತಿದ್ದರೆ, ಹಿರಿಯರು ಆ ಸೀಮೆಯಿಂದ ಬಂದಿರಬಹುದೇ ಎಂದು ಕೇಳಿಕೊಳ್ಳಲು ಕಾರಣವಿದೆ. ಮೂರನೆಯ ಸುಳಿವು ಹೆಳವರು. ಸುಗ್ಗಿಯ ನಂತರ ಎತ್ತನ್ನೇರಿ ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಆ ವಂಶದ ತಲೆಮಾರುಗಳನ್ನೂ ಮೂಲದ ಊರನ್ನೂ ಹೇಳುವವರು ಅವರು. ಅನೇಕ ಲಿಂಗಾಯತ ಒಕ್ಕಲು ಮನೆತನಗಳ ವಂಶಾವಳಿ ಅವರ ನಾಲಗೆಯ ಮೇಲೆ ಉಳಿದು ಬಂದಿದೆ. ಹೆಳವರು ಹೇಳುವ ಮೂಲದ ಊರು ಇಂದಿನ ಪಟ್ಟಿಯಲ್ಲಿ ಸಿಗದೆ ಹೋದಾಗ, ಅದು ಕಟ್ಟುಕಥೆಯೆಂದು ತಳ್ಳಿಹಾಕುವುದು ಆತುರವಾಗುತ್ತದೆ. ಹಳೆಯ ಹಾಳೆಯಲ್ಲಿ ಅದು ಒಂದು ಹಾಳೂರಾಗಿಯೋ ಹಳ್ಳದ ಹೆಸರಾಗಿಯೋ ಒಂಟಿ ಗುಡಿಯಾಗಿಯೋ ಉಳಿದಿರಬಹುದು.

ಆದರೆ ಹೆಸರುಗಳನ್ನು ಓದುವಾಗ ಎಚ್ಚರ ಬೇಕು. ಕನ್ನಡದ ಕಿವಿಯಿಲ್ಲದವರು ಕೇಳಿ ಇಂಗ್ಲಿಷಿನಲ್ಲಿ ಬರೆದ ಹೆಸರುಗಳಲ್ಲಿ ಳಕಾರ-ಲಕಾರಗಳ, ಣಕಾರ-ನಕಾರಗಳ ಭೇದವು ಅಳಿಸಿಹೋಗಿದೆ. ಕಲ್ಯಾಣವು ನಿಜಾಮನ ಆಳ್ವಿಕೆಯ ಕಾಲದ ಬರಹಗಳಲ್ಲಿ ಕಲ್ಯಾಣಿ ಎಂದಿದೆ. ಬಸವಕಲ್ಯಾಣ ಎಂಬುದು ಅನಂತರದ ಹೆಸರು. ಹಿರಿದು-ಕಿರಿದು ಎಂಬರ್ಥದ ಬುದ್ರುಕ್, ಖುರ್ದ್ ಎಂಬ ಮಾತುಗಳು ಬಿ.ಕೆ., ಕೆ.ಎಚ್. ಎಂದು ಕುಗ್ಗಿ ಊರಿನ ಹೆಸರಿಗೆ ಅಂಟಿಕೊಂಡಿವೆ. ಬೆಳಗಾವಿಯ ಬಳಿಯ ಎರಡು ಕಂಗ್ರಾಳಿಗಳು ಇದಕ್ಕೆ ಸಾಕ್ಷಿ. ಜಿಲ್ಲೆಗಳ ಹೆಸರೂ ಸ್ಥಿರವಲ್ಲ. ಕಲಾದಗಿಯು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು. 1880ರ ದಶಕದಲ್ಲಿ ಕೇಂದ್ರವು ಬಿಜಾಪುರಕ್ಕೆ ಹೋಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. 2014ರಲ್ಲಿ ಬಿಜಾಪುರವು ವಿಜಯಪುರವಾಯಿತು. ಅಜ್ಜನ ಕಾಗದವನ್ನು ಹುಡುಕುವವರು ಆ ಕಾಗದ ಹುಟ್ಟಿದ ಕಾಲದ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು.

ನಕಾಶೆಯು ಹೇಳದಿರುವುದು

ಯಾವ ಸಾಧನಕ್ಕೂ ಮಿತಿಯಿದೆ. ಹಳೆಯ ಹಾಳೆಗಳ ಅಕ್ಷಾಂಶ-ರೇಖಾಂಶಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿದ್ದರೆ ಇಂದಿನ ಮೊಬೈಲ್ ಫೋನುಗಳ ಲೆಕ್ಕ ಬೇರೆ. ಆದ್ದರಿಂದ ಎರಡನ್ನೂ ನೇರವಾಗಿ ಹೋಲಿಸಿದರೆ ಊರು ಕೆಲವು ನೂರು ಮೀಟರ್ ಸರಿದಂತೆ ಕಾಣಬಹುದು. ಹಿನ್ನೀರಿನ ಮೇಲ್ಭಾಗದಲ್ಲಿ ಪ್ರವಾಹ ಬಂದಾಗ ನೀರು ಪೂರ್ಣಮಟ್ಟದ ಗೆರೆಯನ್ನೂ ಮೀರಿ ಏರುತ್ತದೆ. ಟೊಪೊಶೀಟ್ ಹೊಲದ ಒಡೆತನಕ್ಕೆ ಸಾಕ್ಷಿಯಲ್ಲ. ಅದಕ್ಕೆ ಆಕಾರಬಂದ್, ಟಿಪ್ಪಣಿ, ಗ್ರಾಮ ನಕಾಶೆಗಳೇ ಬೇಕು.

ಶರಣರ ಚರಿತ್ರೆಯ ವಿಷಯದಲ್ಲಿಯೂ ಈ ಸಂಯಮವು ಅಗತ್ಯ. ಕಲ್ಯಾಣದಿಂದ ಉಳವಿಯ ಕಡೆಗೆ ಶರಣರು ಸಾಗಿದ ದಾರಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವೆಂದು ನಂಬಲಾದ ಮುಗಟಖಾನ ಹುಬ್ಬಳ್ಳಿ, ಡೋಹರ ಕಕ್ಕಯ್ಯನವರ ಕಕ್ಕೇರಿ ಮೊದಲಾದ ಊರುಗಳಿವೆ. ಈ ಊರುಗಳನ್ನು ಹಾಳೆಯ ಮೇಲೆ ಗುರುತಿಸಿ ನೋಡುವುದು ಭಕ್ತರಿಗೆ ಆನಂದವನ್ನು ಕೊಡುತ್ತದೆ. ನದಿಗಳು ಎಲ್ಲಿ ಅಡ್ಡ ಬರುತ್ತವೆ, ಬಯಲು ಎಲ್ಲಿ ಮುಗಿದು ಕಾಡು ಎಲ್ಲಿ ತೊಡಗುತ್ತದೆ ಎಂಬುದನ್ನು ನಕಾಶೆಯು ತೋರಿಸುತ್ತದೆ. ಆದರೆ ಶರಣರು ನಡೆದುದು 12ನೆಯ ಶತಮಾನದಲ್ಲಿ. ನಕಾಶೆ ಬರೆದುದು 20ನೆಯ ಶತಮಾನದಲ್ಲಿ. ಯಾವ ದಾರಿ ಸಾಧ್ಯವಿತ್ತು ಎಂಬುದನ್ನು ಅದು ಸೂಚಿಸಬಲ್ಲುದೇ ಹೊರತು ಯಾವ ದಾರಿಯಲ್ಲಿ ನಡೆದರು ಎಂಬುದನ್ನು ಸಿದ್ಧಪಡಿಸಲಾರದು.

ಇನ್ನು ಊರಿನ ಒಳಜೀವನವು ನಕಾಶೆಯಲ್ಲಿ ಇಲ್ಲವೇ ಇಲ್ಲ. ಅಗಸಿಯ ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು, ಹಗೇವಿನಲ್ಲಿ ಯಾರ ಜೋಳವಿತ್ತು, ಬರಗಾಲದಲ್ಲಿ ಅದನ್ನು ಯಾರಿಗೆ ಹಂಚಿದರು, ಯಾವ ಹೊಲಕ್ಕೆ ಏನು ಹೆಸರು, ಯಾವ ಕೇರಿಯವರಿಗೆ ಯಾವ ಬಾವಿಯ ನೀರು ನಿಷಿದ್ಧವಾಗಿತ್ತು ಎಂಬುದನ್ನೆಲ್ಲ ಹಿರಿಯರೇ ಹೇಳಬೇಕು. ಕೊನೆಯ ಸಂಗತಿಯನ್ನು ಕೇಳುವುದು ಅಹಿತವೆನಿಸಬಹುದು. ಆದರೂ ಸರ್ವಸಮತೆಯನ್ನು ಸಾರಿದ ಶರಣರ ಹೆಸರು ಹೇಳುವವರು ಊರಿನ ಚರಿತ್ರೆಯಿಂದ ಅದನ್ನು ಮರೆಮಾಚುವುದು ಸಲ್ಲದು.

ಆಗಬೇಕಾದ ಕಾರ್ಯ

ಕಾರ್ಯವು ಕಠಿಣವಲ್ಲ. ಊರಿನ ಹಳೆಯ ಹಾಳೆಯ ಆ ಭಾಗವನ್ನು ದೊಡ್ಡದಾಗಿ ನಕಲು ಮಾಡಿಸಿ, ಹಿರಿಯರ ಮುಂದೆ ನೆಲದ ಮೇಲೆ ಹಾಸಬೇಕು. ಮೊದಲು ಅವರಿಗೆ ನದಿಯನ್ನು ತೋರಿಸಬೇಕು, ಅನಂತರ ಗುಡಿಯನ್ನು. ಈ ಎರಡು ಗುರುತು ಸಿಕ್ಕಿದ ಮೇಲೆ ಉಳಿದ ದಾರಿಯನ್ನು ಅವರ ಬೆರಳೇ ಹುಡುಕಿಕೊಳ್ಳುತ್ತದೆ. ಓದು ಬಾರದ ತಾಯಂದಿರು ಇದರಲ್ಲಿ ಹಿಂದೆ ಬೀಳುವುದಿಲ್ಲ. ನೀರಿಗೆ ಹೋದ ದಾರಿ, ಬುತ್ತಿ ಹೊತ್ತ ಹೊಲ, ತವರಿನ ಹಾದಿಗಳು ಅವರಿಗೆ ಗಂಡಸರಿಗಿಂತ ಚೆನ್ನಾಗಿ ನೆನಪಿರುತ್ತವೆ. ಅವರು ಹೇಳಿದ ಹೆಸರುಗಳನ್ನು ಅವರ ಉಚ್ಚಾರದಲ್ಲಿಯೇ ಕನ್ನಡದಲ್ಲಿ ನಕಲಿನ ಮೇಲೆ ಬರೆಯಬೇಕು. ಹೇಳಿದವರ ಹೆಸರು ಮತ್ತು ದಿನಾಂಕವನ್ನೂ ಬರೆಯಬೇಕು. ಇಬ್ಬರು ಹಿರಿಯರು ಬೇರೆ ಬೇರೆಯಾಗಿ ಹೇಳಿದರೆ ಎರಡನ್ನೂ ಬರೆಯಬೇಕು. ತೀರ್ಪು ಕೊಡಲು ಅವಸರಪಡಬಾರದು. ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಅಡಿಪಾಯಗಳು ಕಾಣಿಸಿಕೊಂಡಾಗ, ಕೆಸರಿನ ಅಪಾಯವನ್ನು ಅರಿತ ಸ್ಥಳೀಯರೊಡನೆ ಹೋಗಿ ತಾಳೆ ನೋಡಬಹುದು.

ಫ. ಗು. ಹಳಕಟ್ಟಿಯವರು ಮನೆಮನೆಯ ಜಗಲಿಯ ಮೇಲಿದ್ದ ತಾಡೋಲೆಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಮನೆಯವರು ಪೂಜಿಸುತ್ತಿದ್ದರೂ ಓದದೆ ಬಿಟ್ಟಿದ್ದ ಕಟ್ಟುಗಳವು. ಅವರು ಆ ಶ್ರಮವನ್ನು ಒಂದು ತಲೆಮಾರು ಮುಂದೂಡಿದ್ದರೆ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದವು. ಇಂದು ಮುಳುಗಡೆಯ ಊರುಗಳನ್ನು ಕಣ್ಣಾರೆ ಕಂಡ ತಲೆಮಾರೂ ಅಂತಹದೇ ಒಂದು ತಾಡೋಲೆಯ ಕಟ್ಟು. ಅದನ್ನು ಬಿಚ್ಚಿ ಓದಲು ಉಳಿದಿರುವ ಕಾಲ ಅಲ್ಪ.

ಸ್ಥಾವರವು ಅಳಿಯುವಂಥದೆಂದು ಶರಣರು ಅರಿತಿದ್ದರು. ಊರೂ ಒಂದು ಸ್ಥಾವರವೇ. ಅದು ನೀರಿನಲ್ಲಿ ಅಡಗಿತು. ಆದರೆ ಆ ಊರಿನ ದಾಸೋಹ, ನೆರೆಹೊರೆಯ ನಂಟು, ಕಾಯಕದ ನಿಷ್ಠೆಗಳು ಜನರೊಡನೆ ನಡೆದು ಹೊಸ ಊರಿಗೆ ಬಂದಿವೆ. ಅವು ಎಲ್ಲಿಂದ ಬಂದವು ಎಂಬುದನ್ನು ಮಕ್ಕಳಿಗೆ ತೋರಿಸಲು ಒಂದು ಹಳೆಯ ಹಾಳೆ, ಒಬ್ಬ ಅಜ್ಜಿ ಮತ್ತು ಒಂದು ಮಧ್ಯಾಹ್ನ ಸಾಕು. ಕೃಷ್ಣಾತೀರದ ಸದ್ಭಕ್ತರು ಈ ಬೇಸಿಗೆಯಲ್ಲಿಯೇ ಅದನ್ನು ಆರಂಭಿಸಿದರೆ ಹಿರಿಯರ ಋಣವು ಅಷ್ಟರಮಟ್ಟಿಗಾದರೂ ತೀರುತ್ತದೆ.